ಕೆರೆ ನೋಡಿಕೊಂಡು ಬಾ

ಮೇ 26, 2024, ಭಾನುವಾರ

ಬೆಳಿಗ್ಗೆ ಐದೂಮುಕ್ಕಾಲಿಗೆ ಚಾಮುಂಡಿ ಬೆಟ್ಟದ ಪಾದದಲ್ಲಿದ್ದೆ. ಮೆಟ್ಟಿಲು ಹತ್ತಿ ಮೂರು ವರ್ಷದ ಮೇಲಾಗಿತ್ತು. ಹೊರಟದ್ದು ಅಪ್ಪನ ಮಾತಿಗೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ ಹೇಳಿದರು: “ನನ್ನ ಮಂಡಿ ಇನ್ನು ಆ ಮೆಟ್ಟಿಲು ಹತ್ತಲ್ಲ ಪುಟ್ಟಿ. ನೀನೇ ಒಂದು ಸಲ ಹೋಗಿ ಕಾರಂಜಿ ಕೆರೆ ಎಷ್ಟಿದೆ ನೋಡಿಕೊಂಡು ಬಾ.”

ನಮ್ಮ ಮನೆ ಇರುವುದು ಇಟ್ಟಿಗೆಗೂಡಿನಲ್ಲಿ. ಕೆರೆ ನಮಗೆ ನಡೆದು ಹೋಗುವಷ್ಟು ಹತ್ತಿರ. ಅದನ್ನು ನೋಡುವುದಕ್ಕೆ ಬೆಟ್ಟ ಯಾಕೆ ಹತ್ತಬೇಕು ಎಂದು ಕೇಳಿದೆ. “ಏರಿ ಮೇಲೆ ನಿಂತರೆ ನೀರು ಕಾಣುತ್ತೆ. ಬೆಟ್ಟದ ಮೇಲೆ ನಿಂತರೆ ನೀರು ಬರೋ ದಾರಿ ಕಾಣುತ್ತೆ” ಎಂದರು. ಮೂವತ್ತಾರು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ, ಹಳ್ಳ, ಗಡಿಕಲ್ಲು ಅಳೆದವರು. ಅವರ ಮಾತು ಹಾಗೆಯೇ.

ಮೊದಲ ಮುನ್ನೂರು ಮೆಟ್ಟಿಲಿಗೇ ಉಸಿರು ಕಟ್ಟಿತು. ಪಕ್ಕದಲ್ಲಿ ಕಾಲೇಜು ಹುಡುಗರು ಓಡಿಕೊಂಡು ಹತ್ತುತ್ತಿದ್ದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎಲ್ಲೂ ನಿಲ್ಲದೆ, ಎಲ್ಲೂ ಆತುರಪಡದೆ ನನ್ನನ್ನು ಹಿಂದೆ ಹಾಕಿ ಹೋದರು. ಮೆಟ್ಟಿಲುಗಳು ಒಟ್ಟು ಸಾವಿರದ ಎಂಟು ಎಂಬುದು ಊರಿನ ಲೆಕ್ಕ. ಇವನ್ನು ಹಾಸಿಸಿದವರು ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರು. ಮೆಟ್ಟಿಲ ದಾರಿಯಲ್ಲಿ ಮುಕ್ಕಾಲು ಪಾಲು ಏರಿದ ಮೇಲೆ ಸಿಗುವ ನಂದಿಯೂ ಅವರ ಕಾಲದ್ದೇ. ಇದ್ದ ಬಂಡೆಯನ್ನೇ ಕಡೆದು ಮಾಡಿದ ಬಸವ, ಎತ್ತರ ಹದಿನಾರು ಅಡಿಯಷ್ಟು. ಕೊರಳ ಗಂಟೆಯ ಸರದ ಒಂದೊಂದು ಎಳೆಯನ್ನೂ ಬಿಡದೆ ಕಡೆದಿದ್ದಾರೆ. ಅದರ ಮುಂದೆ ಹತ್ತು ನಿಮಿಷ ಕೂತೆ.

ಇನ್ನೂ ಮೇಲೆ ಹೋಗಿ, ರಸ್ತೆಯಂಚಿನ ಕಟ್ಟೆಯ ಹತ್ತಿರ ನಿಂತು ಊರು ನೋಡಿದೆ. ನನ್ನ ಕಣ್ಣು ರೂಢಿಯಂತೆ ಮೊದಲು ಅರಮನೆಯನ್ನು ಹುಡುಕಿತು, ಆಮೇಲೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರವನ್ನು, ಆಮೇಲೆ ಬೆಳ್ಳಗಿನ ಲಲಿತಮಹಲನ್ನು. ಕೆರೆ ನೆನಪಾದದ್ದು ಕೊನೆಗೆ. ಬೆಟ್ಟದ ಬುಡದಲ್ಲೇ, ಮೃಗಾಲಯದ ಹಸಿರಿಗೆ ಒತ್ತಿಕೊಂಡು ಇತ್ತು. ನೀರು ಸಣ್ಣದಾಗಿದೆ. ಸುತ್ತ ಅಗಲವಾದ ಕಂದು ಪಟ್ಟಿ. ಹೋದ ವರ್ಷದ ಬರ ಅಲ್ಲಿ ಬರೆದಿಟ್ಟ ಹಾಗಿತ್ತು.

ಮನೆಗೆ ಬಂದು ಹೇಳಿದೆ. ಅಪ್ಪ ಅಲಮಾರಿನಿಂದ ನೀಲಿ ರಟ್ಟಿನ ಉದ್ದನೆಯ ಪುಸ್ತಕ ತೆಗೆಸಿದರು. ನಿವೃತ್ತಿಯಾದ 2004ರಿಂದ ಅವರು ಬೆಟ್ಟ ಹತ್ತಿದ ಪ್ರತಿ ಭಾನುವಾರದ ತಾರೀಖು ಅದರಲ್ಲಿದೆ. ತಾರೀಖಿನ ಮುಂದೆ ಒಂದೇ ಪದ. ತುಂಬು, ಮುಕ್ಕಾಲು, ಅರ್ಧ, ಕಾಲು. ಕೆಲವು ಕಡೆ ಕೆಂಪು ಶಾಯಿಯಲ್ಲಿ ‘ಕೋಡಿ’. ಈ ಪುಸ್ತಕ ಇರುವುದೇ ನನಗೆ ಗೊತ್ತಿರಲಿಲ್ಲ. 2021ರ ಮೇಲೆ ಹಾಳೆಗಳು ಖಾಲಿ. ಇವತ್ತಿನ ತಾರೀಖು ಹಾಕಿ ಪೆನ್ನು ನನ್ನ ಕೈಗೆ ಕೊಟ್ಟರು. ‘ಕಾಲು’ ಎಂದು ಬರೆದೆ.

ಜೂನ್ 16, ಭಾನುವಾರ

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಬಿಟ್ಟಿತ್ತು. ಮೆಟ್ಟಿಲು ಜಾರುತ್ತಿದ್ದವು, ಚಪ್ಪಲಿ ಕೈಯಲ್ಲಿ ಹಿಡಿದೇ ಹತ್ತಿದೆ.

ಇವತ್ತು ಬೇರೆಯದೇ ಒಂದು ಬೆಟ್ಟ ನೋಡಿದೆ. ಮೆಟ್ಟಿಲ ಎರಡೂ ಬದಿ ನೀರಿನ ಸದ್ದು. ಬಂಡೆಯ ನೆತ್ತಿಯಿಂದ ಇಳಿದ ನೀರು ಹುಲ್ಲಿನ ಬುಡ ಸೇರಿ ಮರೆಯಾಗಿ, ಹತ್ತು ಮಾರು ಕೆಳಗೆ ತಿಳಿಯಾಗಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಎಲ್ಲಿ ಗಿಡಗಂಟಿ ಇದೆಯೋ ಅಲ್ಲಿ ಹೀಗೆ. ಎಲ್ಲಿ ಜನ ಅಡ್ಡದಾರಿ ತುಳಿದು ನೆಲ ಬೋಳಾಗಿದೆಯೋ ಅಲ್ಲಿ ಅದೇ ಮಳೆ ಕೆಂಪಗೆ, ಮಣ್ಣು ಕಿತ್ತುಕೊಂಡು ಓಡುತ್ತಿತ್ತು. ಎರಡರ ನಡುವೆ ಇದ್ದದ್ದು ನಾಲ್ಕು ಹೆಜ್ಜೆಯ ದೂರ.

ಎಂಟನೆಯ ತರಗತಿಗೆ ಸವೆತದ ಪಾಠ ಹೇಳುತ್ತ ಇಪ್ಪತ್ತು ವರ್ಷ ಕಳೆದೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ಶಾಲೆಯ ಅಂಗಳದಿಂದ ಕಾಣುವ ಬೆಟ್ಟದಲ್ಲಿ ಅದು ನಡೆಯುತ್ತಿತ್ತು.

ಈ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳ ಲೆಕ್ಕ. ಸುತ್ತಲಿನ ನೆಲದ ಕಲ್ಲು ಅದಕ್ಕಿಂತ ಎಷ್ಟೋ ಹಿರಿಯದು. ನೆಲದಡಿಯಿಂದ ಕಾದು ಉಕ್ಕಿದ ಶಿಲಾರಸ ಒಳಗೇ ತಣಿದು ಗಟ್ಟಿಯಾಯಿತು. ಮೇಲಿನದೆಲ್ಲ ಸವೆದು ಹೋದ ಮೇಲೆ ಅದು ಎದ್ದು ಕಂಡಿತು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಮೇಲೆ, ಊರಿನಿಂದ ಮುನ್ನೂರು ಮೀಟರಿಗೂ ಕಡಿಮೆ. ಮಲೆನಾಡಿನವರು ಇದನ್ನು ಗುಡ್ಡ ಎನ್ನಬಹುದು. ಗಟ್ಟಿ ಕಲ್ಲಾದ್ದರಿಂದ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಮೇಲೆ ಕಂಬಳಿಯಂತೆ ಹೊದ್ದ ತೆಳು ಮಣ್ಣು, ಆ ಮಣ್ಣನ್ನು ಹಿಡಿದ ಬೇರು, ಇವೇ ಮಳೆಯನ್ನು ತಡೆದು ನಿಧಾನವಾಗಿ ಕೆಳಗೆ ಕಳಿಸುವುದು.

ಮಧ್ಯಾಹ್ನ ಅಪ್ಪ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕಾಶೆ ಬರೆದರು. ಮೇಲೆ ಬೆಟ್ಟ. ಅದರ ಮಡಿಕೆಗಳಿಂದ ಇಳಿಯುವ ಹಳ್ಳಗಳು. ಹಳ್ಳಗಳ ನೀರು ಸೇರುವ ಕಾಲುವೆ. ಕೆಳಗೆ ಕೆರೆಯಂಗಳ, ಏರಿ, ತೂಬು, ಕೋಡಿ. ಕಾರಂಜಿ ಕೆರೆಯ ಪ್ರದೇಶ ಒಟ್ಟು 90 ಹೆಕ್ಟೇರ್, ಅದರಲ್ಲಿ ನೀರು ಹರಡುವುದು 55. ಉಳಿದದ್ದು ಅಂಗಳ. “ಅಂಗಳ ಖಾಲಿ ಜಾಗ ಅಲ್ಲ ಪುಟ್ಟಿ, ಅದು ಕೆರೆ ಉಸಿರಾಡೋ ಜಾಗ” ಎಂದರು.

ಊರಿನ ಕೊಳಚೆ ಸೇರಿ ಈ ಕೆರೆ ನಾರುತ್ತಿದ್ದ ಕಾಲ ನನಗೂ ನೆನಪಿದೆ. ಅಮ್ಮ ಆ ಕಡೆಯ ಕಿಟಕಿ ತೆರೆಯುತ್ತಿರಲಿಲ್ಲ. ಆಮೇಲೆ ಕೊಳಚೆಯನ್ನು ಬೇರೆ ಕಡೆ ತಿರುಗಿಸಿದರು, ಹೂಳು ತೆಗೆದರು, ಮೃಗಾಲಯದವರು ನೋಡಿಕೊಳ್ಳತೊಡಗಿದರು. ಈಗ ನಡುಗಡ್ಡೆಯ ಮರಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಕೆಟ್ಟ ಕೆರೆಯನ್ನು ಮನಸ್ಸು ಮಾಡಿದರೆ ಬದುಕಿಸಬಹುದು ಎಂಬುದಕ್ಕೆ ನಮ್ಮ ಬೀದಿಯ ಕೊನೆಯಲ್ಲೇ ಸಾಕ್ಷಿ ಇದೆ.

ಪುಸ್ತಕದಲ್ಲಿ: ‘ಕಾಲಿಗೆ ಮೇಲೆ.’

ಜುಲೈ 12, ಶುಕ್ರವಾರ

ಮೊದಲ ಆಷಾಢ ಶುಕ್ರವಾರ. ಶಾಲೆಗೆ ರಜೆ ಹಾಕಿ ಹೋದೆ. ಇವತ್ತು ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಸಾಲುಸಾಲಾಗಿ ಬಸ್ಸು. ನಾನು ಮೆಟ್ಟಿಲನ್ನೇ ಹಿಡಿದೆ.

ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡು ಏರುತ್ತಿದ್ದರು. ಅವರಲ್ಲೊಬ್ಬಳ ಬೆನ್ನು ಹಿಡಿದುಕೊಂಡಿತ್ತು. ಸ್ವಲ್ಪ ಹೊತ್ತು ಅವಳ ಚೀಲ ಹಿಡಿದುಕೊಂಡೆ. ಗುಂಡ್ಲುಪೇಟೆ ಕಡೆಯವಳು. “ನಮ್ಮ ಹೊಲದ ಬೋರು ಹೋದ ವರ್ಷ ನಿಂತೋಯ್ತು ಅಕ್ಕಾ. ಈ ಸಲ ಮಳೆ ಆದ್ರೆ ಮೆಟ್ಲುಮೆಟ್ಲಿಗೂ ಕುಂಕುಮ ಇಡ್ತೀನಿ ಅಂತ ತಾಯಿಗೆ ಹೇಳ್ಕಂಡಿದ್ದೆ. ಮಳೆ ಬಂತು, ಬಂದೆ” ಎಂದಳು. ಆ ‘ಬಂದೆ’ ಎಂಬ ಮಾತಿನ ನೆಮ್ಮದಿ ಇನ್ನೂ ಕಿವಿಯಲ್ಲಿದೆ.

ಮೇಲೆ ದರ್ಶನದ ಸಾಲು ಉದ್ದ ಇತ್ತು. ಮೊದಲು ಪಕ್ಕದ ಮಹಾಬಲೇಶ್ವರನ ಗುಡಿಗೆ ಹೋದೆ. ಬೆಟ್ಟದ ಮೇಲಿನ ಹಳೆಯ ಗುಡಿ ಇದು. ಈ ಬೆಟ್ಟಕ್ಕೆ ಮಹಾಬಲನ ಹೆಸರೇ ಇದ್ದ ಕಾಲವೂ ಇತ್ತು. ತಾಯಿಯ ಗುಡಿಯ ಏಳು ನೆಲೆಯ ಗೋಪುರವನ್ನು 1827ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಊರಿನ ಪಶ್ಚಿಮದ ಕುಕ್ಕರಹಳ್ಳಿ ಕೆರೆ ಆದದ್ದೂ ಅವರ ಕಾಲದಲ್ಲೇ, 1864ರಲ್ಲಿ. ಒಬ್ಬನೇ ಅರಸ ಬೆಟ್ಟಕ್ಕೆ ಗೋಪುರವನ್ನೂ ಬಯಲಿಗೆ ಕೆರೆಯನ್ನೂ ಕೊಟ್ಟ. ದೇವರ ಕೆಲಸ, ನೀರಿನ ಕೆಲಸ ಎಂದು ಬೇರೆಬೇರೆ ಇಡುವ ರೂಢಿ ಆಗ ಇರಲಿಲ್ಲವೇನೋ.

ಹನ್ನೊಂದಕ್ಕೆ ಜೋರು ಮಳೆ. ಇಳಿಯುವಾಗ ನೋಡಿದೆ, ಮೆಟ್ಟಿಲ ಕುಂಕುಮವೆಲ್ಲ ಕರಗಿ ಸಣ್ಣ ಕೆಂಪು ತೊರೆಯಾಗಿ ಹರಿಯುತ್ತಿತ್ತು. ಆ ಹೆಂಗಸಿನ ಹರಕೆಯೂ ಅದರಲ್ಲಿ ಹೋಗುತ್ತಿತ್ತು. ಅದರ ಜೊತೆಗೇ ಪ್ಲಾಸ್ಟಿಕ್ ಲೋಟ, ಕರ್ಪೂರದ ಪೊಟ್ಟಣ, ನೀರಿನ ಬಾಟಲಿ. ಬೆಟ್ಟದ ಮೇಲೆ ಬಿಟ್ಟದ್ದು ಯಾವುದೂ ಬೆಟ್ಟದ ಮೇಲೆ ಉಳಿಯುವುದಿಲ್ಲ. ನೀರಿನ ದಾರಿಯೇ ಅದರ ದಾರಿ. ಕೈಗೆ ಸಿಕ್ಕ ಬಾಟಲಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದೆ. ಇಪ್ಪತ್ತಮೂರು. ಹರಕೆ ಹೊತ್ತವರಲ್ಲಿ ಒಬ್ಬೊಬ್ಬರೂ ಇಳಿಯುವಾಗ ಒಂದನ್ನು ಹಿಡಿದು ತಂದರೆ ಅದೂ ತಾಯಿಗೆ ಸಲ್ಲುವ ಸೇವೆಯೇ.

ಮಳೆಯ ಪರದೆಯಲ್ಲಿ ಕೆರೆ ಕಾಣಲಿಲ್ಲ. ಪುಸ್ತಕದಲ್ಲಿ ತಾರೀಖು ಹಾಕಿ ಜಾಗ ಖಾಲಿ ಬಿಡಿಸಿದರು ಅಪ್ಪ. “ನೋಡದ್ದನ್ನ ಬರೀಬಾರದು” ಎಂದರು.

ಜುಲೈ 28, ಭಾನುವಾರ

ಕನ್ನಂಬಾಡಿ ಭರ್ತಿಯಾಗಿದೆ, 124.80 ಅಡಿ. ಬೀದಿಯಲ್ಲೆಲ್ಲ ಅದೇ ಮಾತು, ಅಂಗಡಿಯವರೂ ನಗುತ್ತ ಚಿಲ್ಲರೆ ಕೊಡುತ್ತಾರೆ.

ಸಂಜೆ ಬಸ್ಸಿನಲ್ಲಿ ಬೆಟ್ಟಕ್ಕೆ ಹೋದೆ. ಮೋಡ ಮೇಲೆ ಸರಿದು ಊರು ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಕಾರಂಜಿ ಮುಕ್ಕಾಲು ಮೀರಿದೆ. ಕಂದು ಪಟ್ಟಿ ಹೋಗಿ ನೀರು ಮರಗಳ ಬುಡಕ್ಕೆ ಬಂದಿದೆ. ದೂರದಲ್ಲಿ ಮಾನಸಗಂಗೋತ್ರಿಯ ಮರಗಳ ಪಕ್ಕ ಕುಕ್ಕರಹಳ್ಳಿ ಕೆರೆ ತಗಡಿನಂತೆ ಹೊಳೆಯಿತು.

ಸರಿಯಾಗಿ ಏಳು ಗಂಟೆಗೆ ಅರಮನೆಯ ದೀಪ ಹತ್ತಿತು. ಸುಮಾರು ಒಂದು ಲಕ್ಷ ಬಲ್ಬು, ಎಲ್ಲವೂ ಒಟ್ಟಿಗೆ. ಕಟ್ಟೆಯ ಮೇಲಿದ್ದ ಮಕ್ಕಳೆಲ್ಲ ‘ಹೋ’ ಎಂದು ಕೂಗಿದರು. ನಾನೂ ಚಿಕ್ಕವಳಿದ್ದಾಗ ಇಲ್ಲೇ ನಿಂತು ಕೂಗಿದವಳು. ಆದರೆ ಇವತ್ತು ಆ ಬೆಳಕಿನ ಪಕ್ಕದ ಕತ್ತಲೆಯ ತುಂಡನ್ನೇ ನೋಡುತ್ತಿದ್ದೆ. ಊರೆಲ್ಲ ದೀಪ ಹಚ್ಚಿಕೊಂಡಾಗ ಕೆರೆ ಇರುವ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಅಷ್ಟು ದೊಡ್ಡ ಕಪ್ಪು ಜಾಗ ಊರ ನಡುವೆ ಉಳಿದಿರುವುದೇ ಒಂದು ಭಾಗ್ಯ.

ಅರಮನೆಯ ಎದುರಿನ ವಸ್ತುಪ್ರದರ್ಶನದ ಮೈದಾನಕ್ಕೆ ಇಂದಿಗೂ ದೊಡ್ಡಕೆರೆ ಮೈದಾನ ಎಂದೇ ಹೆಸರು. ಹೆಸರಿನಲ್ಲಿ ಕೆರೆ ಇದೆ, ನೆಲದ ಮೇಲೆ ಇಲ್ಲ. ನಲ್ಲಿಯಲ್ಲಿ ಹೊಂಗಳ್ಳಿಯಿಂದ, ಬೆಳಗೊಳದಿಂದ, ಮೇಳಾಪುರದಿಂದ ಕಾವೇರಿ ಬರುತ್ತದೆ, ಬಿದರಗೋಡಿನಿಂದ ಕಬಿನಿ ಬರುತ್ತದೆ. ನಲ್ಲಿ ಬಂದ ಮೇಲೆ ಕೆರೆಯ ಕಡೆ ನೋಡುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಆದರೆ ಕೊಳವೆಬಾವಿಗೆ ನೆಲದಡಿಯಲ್ಲಿ ನೀರು ಇಂಗಬೇಕು, ಬೇಸಿಗೆಯಲ್ಲಿ ಬೀದಿಗೆ ತಂಪು ಬೇಕು, ಹಕ್ಕಿಗೆ ಗೂಡು ಬೇಕು. ಇದನ್ನು ನಲ್ಲಿ ಕೊಡುವುದಿಲ್ಲ.

ಬಸ್ಸಿಗೆ ಕಾಯುತ್ತ 2021ರ ಅಕ್ಟೋಬರ್ ನೆನಪಾಯಿತು. ಆ ಮಳೆಗೆ ನಂದಿಗೆ ಹೋಗುವ ರಸ್ತೆ ಕುಸಿದು, ಅಂಚು ಅಂಚಾಗಿ ಕೆಳಗೆ ಜಾರಿತ್ತು. ನೀರಿಗೆ ಬೇಕಾದ ದಾರಿ ಮುಚ್ಚಿದರೆ ಅದು ರಸ್ತೆಯಡಿಯ ಮಣ್ಣಿಗೆ ಇಳಿಯುತ್ತದೆ, ಮಣ್ಣು ಭಾರ ತಡೆಯದೆ ಬಿಡುತ್ತದೆ. ಮರುವರ್ಷ ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆ ಬಂತು. ಊರಿನ ಜನ ಬೇಡವೆಂದರು, ಸರ್ಕಾರ ಕೈಬಿಟ್ಟಿತು. ಆ ‘ಬೇಡ’ ಎಂಬ ಮಾತು ಮೈಸೂರಿನವರು ಆಡಿದ ಒಳ್ಳೆಯ ಮಾತುಗಳಲ್ಲಿ ಒಂದು. ಇಪ್ಪತ್ತು ನಿಮಿಷದ ಬಸ್ಸು ಇದೆ, ಗಂಟೆಯ ಮೆಟ್ಟಿಲು ಇದೆ. ಇಷ್ಟು ಚಿಕ್ಕ ಬೆಟ್ಟಕ್ಕೆ ಮೂರನೆಯ ದಾರಿ ಯಾಕೆ?

ಪುಸ್ತಕದಲ್ಲಿ: ‘ಮುಕ್ಕಾಲು.’

ಅಕ್ಟೋಬರ್ 13, ಭಾನುವಾರ

ನಿನ್ನೆ ಜಂಬೂಸವಾರಿ ಆಯಿತು. ಅಪ್ಪ ಟೀವಿಯ ಮುಂದೆ ಕೂತು ನೋಡಿದರು. ಅಭಿಮನ್ಯುವಿನ ಬೆನ್ನ ಮೇಲೆ 750 ಕಿಲೋ ತೂಕದ ಅಂಬಾರಿ, ಅದರಲ್ಲಿ ಚಾಮುಂಡೇಶ್ವರಿಯ ಉತ್ಸವಮೂರ್ತಿ. ಆನೆ ತಿರುವಿನಲ್ಲಿ ಬಂದಾಗ ಅಪ್ಪ ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು.

ಅಂಬಾರಿಯಲ್ಲಿ ಮೊದಲು ಮಹಾರಾಜರು ಕೂರುತ್ತಿದ್ದರು, ಅವರ ಕಾಲ ಮುಗಿದ ಮೇಲೆ ಬೆಟ್ಟದ ತಾಯಿಯನ್ನು ಕೂರಿಸುತ್ತಾರೆ. ವರ್ಷವೆಲ್ಲ ಊರು ಬೆಟ್ಟ ಹತ್ತುತ್ತದೆ, ಒಂದು ದಿನ ಬೆಟ್ಟವೇ ಊರಿಗೆ ಇಳಿದು ಬರುತ್ತದೆ. ಮಳೆಗಾಲದಲ್ಲಂತೂ ದಿನವೂ ಬರುತ್ತದೆ, ನೀರಾಗಿ. ಅದಕ್ಕೆ ಯಾರೂ ಎದ್ದು ನಿಂತು ಕೈಮುಗಿಯುವುದಿಲ್ಲ.

ಇನ್ನು ಕೆಲವು ದಿನಕ್ಕೆ ಬೆಟ್ಟದಲ್ಲಿ ತೇರು, ಆಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ. ಬೆಟ್ಟದ ಮೇಲೂ ಒಂದು ಕೆರೆ ಇರುವುದು, ತಾಯಿ ತೆಪ್ಪ ಏರಿ ಅದರ ನೀರಿನಲ್ಲಿ ಸುತ್ತು ಬರುವುದು ನನಗೆ ಬಹಳ ಇಷ್ಟ. ನೀರಿಲ್ಲದಿದ್ದರೆ ತೆಪ್ಪವಿಲ್ಲ, ತೆಪ್ಪವಿಲ್ಲದೆ ಹಬ್ಬ ಪೂರ್ತಿಯಾಗುವುದಿಲ್ಲ.

ನವೆಂಬರ್ 24, ಭಾನುವಾರ

ಇವತ್ತು ಅಪ್ಪನನ್ನು ಕರೆದುಕೊಂಡು ಹೋದೆ.

ಎರಡು ವಾರದಿಂದ ಕೇಳುತ್ತಿದ್ದೆ, ಬೇಡ ಎನ್ನುತ್ತಿದ್ದರು. ಮೆಟ್ಟಿಲು ಹತ್ತದೆ ಬೆಟ್ಟಕ್ಕೆ ಹೋಗುವುದು ಅವರಿಗೆ ಸೋತ ಹಾಗೆ. ಇವತ್ತು ಬೆಳಿಗ್ಗೆ ತಾವೇ ಬಿಳಿ ಪಂಚೆ ಉಟ್ಟು, ನೀಲಿ ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ನಗರ ಬಸ್ ನಿಲ್ದಾಣದಿಂದ 201 ಹತ್ತಿದೆವು. ಕಂಡಕ್ಟರ್ ಕಿಟಕಿ ಪಕ್ಕ ಜಾಗ ಬಿಡಿಸಿಕೊಟ್ಟ. ತಿರುವಿನಲ್ಲೆಲ್ಲ ಅಪ್ಪ ನನ್ನ ಕೈ ಹಿಡಿದುಕೊಂಡರು. ಬಸ್ಸು ವಾಲುತ್ತದೆಂದಲ್ಲ, ಊರು ಎಡಕ್ಕೆ ಬಂತು, ಬಲಕ್ಕೆ ಬಂತು ಎಂದು ನನಗೆ ತೋರಿಸಲಿಕ್ಕೆ.

ದರ್ಶನ ಮುಗಿಸಿ, ನಿಧಾನವಾಗಿ ಕಟ್ಟೆಯ ಹತ್ತಿರ ಬಂದೆವು. ಅಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳು ಎತ್ತಿ ಗಾಳಿಯಲ್ಲಿ ಗೆರೆ ಎಳೆಯತೊಡಗಿದರು. ಕ್ಯಾಲೆಂಡರಿನ ಹಿಂದೆ ಬರೆದ ನಕಾಶೆಯೇ, ಆದರೆ ಈಗ ನಿಜವಾದ ಬೆಟ್ಟದ ಮೇಲೆ. ಇಲ್ಲಿಂದ ಇಳಿಯುವ ಹಳ್ಳ, ಅಲ್ಲಿ ಸೇರುವ ಕಾಲುವೆ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹೊಸ ಬಡಾವಣೆ, ಸಾಲು ಮನೆಗಳು. “ಇಲ್ಲಿ ಹಳ್ಳ ಇತ್ತು. ಸರಪಳಿ ಹಾಕಿ ಅಳೆದಿದ್ದೀನಿ” ಎಂದರು. ಕೋಪ ಇರಲಿಲ್ಲ ಆ ಮಾತಿನಲ್ಲಿ. ತೀರಿಕೊಂಡ ಪರಿಚಯದವರ ಹೆಸರು ಹೇಳುವಂತೆ ಇತ್ತು.

“ಇನ್ನೂ ಉಳಿದಿರೋದು ಎಷ್ಟಪ್ಪ?” ಎಂದೆ.

“ಬೆಟ್ಟ ಪೂರ್ತಿ ಇದೆಯಲ್ಲ. ಸಾವಿರದೈನೂರು ಎಕರೆ ಕಾಡು ಇದೆ. ಚಿರತೆ ಇದೆ, ನವಿಲಿದೆ. ಮೇಲ್ಗಡೆ ಕೆಡಿಸದೆ ಇದ್ದರೆ ಕೆಳಗಡೆ ಸರಿಮಾಡ್ಕೋಬಹುದು. ಮೇಲ್ಗಡೆನೇ ಕೆಡಿಸಿದರೆ ಕೆಳಗೆ ಎಷ್ಟು ದುಡ್ಡು ಸುರಿದರೂ ಬರೀ ಹೊಂಡ.”

ಆಗ ನನಗೆ ಆರು ತಿಂಗಳಿಂದ ಅಪ್ಪ ಯಾಕೆ ನನ್ನನ್ನು ಇಲ್ಲಿಗೆ ಅಟ್ಟುತ್ತಿದ್ದರೆಂದು ತಿಳಿಯಿತು. ನೀರಿನ ಮಟ್ಟವನ್ನು ಏರಿಯ ಮೇಲಿಂದಲೇ ಕೇಳಿ ತಿಳಿಯಬಹುದಿತ್ತು. ಅವರಿಗೆ ಬೇಕಾಗಿದ್ದದ್ದು ತಮ್ಮ ನಂತರ ಈ ಕೆರೆಯನ್ನು ಬೆಟ್ಟದಿಂದ ನೋಡುವ ಒಂದು ಜೋಡಿ ಕಣ್ಣು.

ಜನವರಿಯಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಮೆಟ್ಟಿಲಿನಿಂದ ಹತ್ತಿಸಿಕೊಂಡು ಬರುತ್ತೇನೆ. ಸವೆತದ ಪಾಠ ಇನ್ನು ಹಲಗೆಯ ಮೇಲೆ ಇಲ್ಲ. ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟು, ಬೆಟ್ಟದಿಂದ ಕೆರೆಗೆ ನೀರು ಹೋಗುವ ದಾರಿಯನ್ನು ಕಂಡಂತೆ ಬರೆಯಿರಿ ಎನ್ನುತ್ತೇನೆ. ಅರಮನೆ ತಾನಾಗಿ ಕಾಣುತ್ತದೆ, ಅದನ್ನು ಯಾರೂ ತೋರಿಸಬೇಕಿಲ್ಲ.

ಇಳಿಯುವ ಮುಂಚೆ ಅಪ್ಪ ಚೀಲದಿಂದ ಪುಸ್ತಕ ತೆಗೆದು, ಕಟ್ಟೆಯ ಮೇಲಿಟ್ಟು, ತಾವೇ ತಾರೀಖು ಬರೆದರು. ಕೈ ನಡುಗುತ್ತಿತ್ತು, ಆದರೂ ಅಕ್ಷರ ಸರ್ವೆ ಇಲಾಖೆಯದ್ದೇ, ದುಂಡಗೆ. 24-11-2024. ಅದರ ಮುಂದಿನ ಪದವನ್ನು ಬರೆಯಲು ಪೆನ್ನು ನನಗೆ ಕೊಟ್ಟರು.

‘ತುಂಬು’ ಎಂದು ಬರೆದೆ. ಕಾರಂಜಿ ಕೆರೆ ಇವತ್ತು ತುಂಬಿದೆ.